ನಲವತ್ತಾರು ಭಾಗಾಕಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಕೈಯಲ್ಲಿ ಗಣಿತ ಕಲಿತ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ, ಭದ್ರಾವತಿ ತಾಲ್ಲೂಕಿನಲ್ಲಿ ಕೆಲಸ. ಮೊದಲು ಹೊಳೆಹೊನ್ನೂರಿನ ಶಾಲೆ, ಈಗ ಭದ್ರಾವತಿ ಪೇಟೆಯ ಸರ್ಕಾರಿ ಪ್ರೌಢಶಾಲೆ. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಸಿಟ್ಟು, ಮೈನಸ್ ಚಿಹ್ನೆ ಮರೆತವರ ಮೇಲೆ ಸಿಟ್ಟು, ಉತ್ತರ ಬರೆದು ಅಡಿಗೆರೆ ಎಳೆಯದವರ ಮೇಲೆ ಸಿಟ್ಟು. ಆದರೆ ಒಂದು ಸಂಖ್ಯೆಯ ಮೇಲೂ ಹೀಗೆ ಮೈ ಉರಿಯಬಹುದು ಎಂದು ಹೋದ ವರ್ಷದವರೆಗೆ ಗೊತ್ತಿರಲಿಲ್ಲ.

ಆ ಸಂಖ್ಯೆ 11,11,111. ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು. ಏಳು ಒಂದುಗಳನ್ನು ಸಾಲಾಗಿ ನಿಲ್ಲಿಸಿದರೆ ಆಯಿತು. ನೋಡಲು ಬಹಳ ಸಾಧು. ನಾನು ಅದರ ಸಾಧುತನ ನಂಬಿ ಕೆಟ್ಟೆ.

ಅವಿಭಾಜ್ಯ ಸಂಖ್ಯೆಗಳು ಎಂದೂ ಮುಗಿಯುವುದಿಲ್ಲ ಎನ್ನುವುದಕ್ಕೆ ಎರಡು ಸಾವಿರ ವರ್ಷ ದಾಟಿದ ಒಂದು ಸಾಧನೆ, ಅಂದರೆ ತಾರ್ಕಿಕ ಪುರಾವೆ, ಇದೆ. ಹತ್ತನೇ ತರಗತಿಯ ಪಠ್ಯದಲ್ಲಿ ಅದು ಇಲ್ಲ, ಆದರೂ ನಾನು ಪ್ರತಿ ವರ್ಷ ಮಾಡುತ್ತೇನೆ. ಒಂದು ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ ಅವಿಭಾಜ್ಯ. ನಿಮಗೆ ಗೊತ್ತಿರುವ ಅಂಥ ಕೆಲವು ಸಂಖ್ಯೆಗಳನ್ನು ಗುಣಿಸಿ, ಬಂದದ್ದಕ್ಕೆ ಒಂದು ಕೂಡಿಸಿ. ಈಗ ಆ ಮೊತ್ತವನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿದೇ ಉಳಿಯುತ್ತದೆ. ಅಂದರೆ ನಿಮ್ಮ ಪಟ್ಟಿಯಲ್ಲಿಲ್ಲದ ಹೊಸ ಅವಿಭಾಜ್ಯವೊಂದು ಇರಲೇಬೇಕು. ಅಷ್ಟೇ ಸಾಧನೆ. ಕೇಳಿದ ಮಕ್ಕಳ ಕಣ್ಣು ಅಗಲವಾಗುವುದನ್ನು ನೋಡುವುದಕ್ಕೇ ನಾನು ಅದನ್ನು ಮಾಡುತ್ತಿದ್ದೆ.

ಅದಕ್ಕೆ ನಾನು ಇಟ್ಟುಕೊಂಡಿದ್ದ ಉದಾಹರಣೆ ಇನ್ನೂ ಚಂದ. 2, 3, 5, 7, 11, 13, 37. ಈ ಏಳನ್ನೂ ಗುಣಿಸಿದರೆ ಸರಿಯಾಗಿ 11,11,110 ಬರುತ್ತದೆ. ಒಂದು ಕೂಡಿಸಿದರೆ ಏಳು ಒಂದುಗಳು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಆ ಕೊನೆಯ ಒಂದನ್ನು ಎಳೆಯುವಾಗ ಇಡೀ ತರಗತಿ ಚಪ್ಪಾಳೆ ಹೊಡೆಯುತ್ತಿತ್ತು. ಚಪ್ಪಾಳೆಯ ಮತ್ತಿನಲ್ಲಿ ನಾನು ಕೆಳಗೆ ಒಂದು ಸಾಲು ಬರೆಯುತ್ತಿದ್ದೆ: ಆದ್ದರಿಂದ 11,11,111 ಅವಿಭಾಜ್ಯ ಸಂಖ್ಯೆ. ಎರಡು ಅಡಿಗೆರೆ ಎಳೆಯಿರಿ ಎನ್ನುತ್ತಿದ್ದೆ. ಮಕ್ಕಳು ಎಳೆಯುತ್ತಿದ್ದರು.

ಅದು ತಪ್ಪು. ಹೊಸ ಅವಿಭಾಜ್ಯ ಇರಬೇಕು ಎನ್ನುವುದು ನಿಜ. ಆದರೆ ಅದು ಆ ಸಂಖ್ಯೆಯೇ ಆಗಿರಬೇಕೆಂದಿಲ್ಲ, ಅದರ ಹೊಟ್ಟೆಯೊಳಗೆ ಅಡಗಿಯೂ ಇರಬಹುದು. ಗಣಿತ ಓದಿದ ಯಾರಿಗೂ ಇದು ಹೊಸದಲ್ಲ, ನನಗೂ ಗೊತ್ತಿತ್ತು, ಬಿ.ಎಸ್ಸಿ.ಯಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಚಪ್ಪಾಳೆ ಬೀಳುವಾಗ ಯಾರಿಗೆ ನೆನಪಿರುತ್ತದೆ? ಎಷ್ಟು ವರ್ಷದ ಮಕ್ಕಳ ನೋಟ್ಸಿನಲ್ಲಿ ಆ ತಪ್ಪು ಸಾಲು ಎರಡು ಅಡಿಗೆರೆಗಳ ಸಮೇತ ಕೂತಿದೆಯೋ ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ.

ಹೋದ ವರ್ಷ ಜೂನ್ ಕೊನೆಯಲ್ಲಿ ಇದೇ ಆಟ ಆಡಿ, ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಹೋದೆ. ನಾಲ್ಕು ದಿನ ಕಳೆದ ಮೇಲೆ ಒಬ್ಬಳು ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಎರಡನೇ ಬೆಂಚಿನವಳು, ಮಾತು ಕಡಿಮೆ. ಅವಳ ತಂದೆಗೆ ಊರಲ್ಲೇ ಒಂದು ಲೇತ್ ಅಂಗಡಿ ಇದೆ. ಕಬ್ಬಿಣದ ಸರಳು ಕೊಟ್ಟರೆ ತಿರುಗಿಸಿ, ಕೊರೆದು, ಬೇಕಾದ ಅಳತೆಯ ಬೋಲ್ಟು, ಶಾಫ್ಟು ಮಾಡಿಕೊಡುತ್ತಾರೆ.

"ಟೀಚರ್, ಆ ಏಳು ಒಂದು ಇದೆಯಲ್ಲ, ಅದು ಇನ್ನೂರ ಮೂವತ್ತೊಂಬತ್ತರಿಂದ ಹೋಗುತ್ತೆ."

ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? ಮೊಬೈಲಿನಲ್ಲಿ ನೋಡಿದೆಯೇನೇ ಎಂದು ಕೇಳಿದೆ. ಹೌದು, ನಾನೇ ಕೇಳಿದೆ. ಮುಂದೆ ಇನ್ನೊಬ್ಬರು ಇದೇ ಪ್ರಶ್ನೆ ಕೇಳಿದಾಗ ನಾನು ಹಾರಾಡಿದ್ದನ್ನು ಓದುವಾಗ ಇದನ್ನೂ ನೆನಪಿಟ್ಟುಕೊಳ್ಳಬೇಕು.

ಅವಳು ಚೀಲದಿಂದ ಹಾಳೆಗಳ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಹಳೆಯ ಕ್ಯಾಲೆಂಡರಿನ ಹಾಳೆಗಳು. ಹಿಂಬದಿಯ ಬಿಳಿ ಜಾಗದಲ್ಲಿ ಭಾಗಾಕಾರ, ಬರೀ ಭಾಗಾಕಾರ. ಅಂಚಿನಲ್ಲಿ ಅಲ್ಲಲ್ಲಿ ಎಣ್ಣೆಯ ಬೆರಳಚ್ಚು, ಅಂಗಡಿಯಲ್ಲಿ ಕೂತು ಬರೆದಿದ್ದಳು. ಮೊದಲನೆಯದು 127ರಿಂದ ಭಾಗಿಸಿದ್ದು. ಎಲ್ಲ ಬಿಟ್ಟು ಅಲ್ಲಿಂದ ಯಾಕೆ ಶುರು ಮಾಡಿದೆ ಎಂದು ಕೇಳಿದೆ. ಅವಳು ಹೇಳಿದ್ದು ಕೇಳಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಅವಳ ತಂದೆಯ ಹಳೆಯ ಲೇತು ಇಂಚಿನ ಲೆಕ್ಕದ್ದಂತೆ. ಅದರಲ್ಲಿ ಬೋಲ್ಟಿಗೆ ಮಿಲಿಮೀಟರಿನ ಮರೆ, ಅಂದರೆ ತಿರುಪಿನ ಸುತ್ತು, ಕೊರೆಯಬೇಕಾದರೆ ನೂರ ಇಪ್ಪತ್ತೇಳು ಹಲ್ಲಿನ ಒಂದು ದೊಡ್ಡ ಗೇರ್ ಹಾಕಲೇಬೇಕು, ಐದು ಇಂಚೆಂದರೆ ಸರಿಯಾಗಿ ನೂರ ಇಪ್ಪತ್ತೇಳು ಮಿಲಿಮೀಟರು. ಬೇರೆ ಗೇರಾದರೆ ಅರ್ಧದಷ್ಟು ಹಲ್ಲುಗಳದು, ಮೂರನೇ ಒಂದರಷ್ಟು ಹಲ್ಲುಗಳದು ಹುಡುಕಿ ಹೊಂದಿಸಬಹುದು, ಇದಕ್ಕೆ ಚಿಕ್ಕದು ಇಲ್ಲ, ಯಾಕೆಂದರೆ ನೂರ ಇಪ್ಪತ್ತೇಳನ್ನು ಒಡೆಯಲು ಆಗುವುದಿಲ್ಲ. ಅವಳಿಗೆ ಇದು ನಾಲ್ಕನೇ ಕ್ಲಾಸಿನಿಂದ ಗೊತ್ತು. ನಾನು ಬೋರ್ಡಿನ ಮೇಲೆ ಏಳು ಸಂಖ್ಯೆ ಬರೆದು ಅಷ್ಟಕ್ಕೇ ಅವಿಭಾಜ್ಯ ಎಂದು ತೀರ್ಪು ಕೊಟ್ಟಾಗ ಅವಳಿಗೆ ಅನಿಸಿದ್ದು ಇಷ್ಟು: ಟೀಚರ್ ನೂರ ಇಪ್ಪತ್ತೇಳು ಹಾಕಿ ನೋಡಲೇ ಇಲ್ಲವಲ್ಲ?

ಮನೆಗೆ ಹೋಗಿ ಹಾಕಿ ನೋಡಿದಳು. ಹೋಗಲಿಲ್ಲ, ನೂರ ಹದಿನೈದು ಉಳಿಯಿತು. ಹಾಗಾದರೆ ಉಳಿದವು? 17, 19, 23, 29, ಹೀಗೆ ಒಂದೊಂದೇ. ಎಲ್ಲಿಯವರೆಗೆ ನೋಡಬೇಕು ಎನ್ನುವುದೂ ಗೊತ್ತಿತ್ತು, ವರ್ಗಮೂಲದವರೆಗೆ, ಅಂದರೆ 1054ರವರೆಗೆ. ಅಲ್ಲಿಯವರೆಗೂ ಹೋಗುವುದೇ ಸೈ ಎಂದು ಕೂತಿದ್ದಳು ಹುಡುಗಿ. ಮೂರು ದಿನದಲ್ಲಿ ನಲವತ್ತೈದು ಸಲ ಸೋತು ನಲವತ್ತಾರನೆಯದರಲ್ಲಿ ಶೇಷ ಸೊನ್ನೆ ಬಂತು. 239 ಇಂಟು 4649. ನಾನು ಅಲ್ಲೇ ಗುಣಿಸಿ ನೋಡಿದೆ. ಒಂದು ನಿಮಿಷ ಹಿಡಿಯಲಿಲ್ಲ. ಏಳು ಒಂದುಗಳು ಸಾಲಾಗಿ ಬಂದು ನಿಂತವು.

ನನ್ನನ್ನು ಇವತ್ತಿಗೂ ಕಾಡುವುದು ಇದೇ. ಗುಣಿಸುವುದು ಒಂದು ನಿಮಿಷ, ಒಡೆಯುವುದು ಮೂರು ದಿನ. ಒಡೆದದ್ದನ್ನು ತಂದು ಮುಂದಿಟ್ಟರೆ ನೋಡುವವರಿಗೆ ಒಂದು ನಿಮಿಷ ಮಾತ್ರ ಕಾಣುತ್ತದೆ. ದೊಡ್ಡ ಸಂಖ್ಯೆಗಳ ಗುಣವೇ ಹಾಗೆ.

ಹಾಳೆ ತಿರುವುತ್ತ ಒಂದು ಕಡೆ ನಗು ಬಂತು. 221ರಿಂದಲೂ ಭಾಗಿಸಿದ್ದಳು. ಅದು ಹದಿಮೂರು ಇಂಟು ಹದಿನೇಳು, ಅವೆರಡರಿಂದ ಹೋಗದ ಮೇಲೆ ಇದರಿಂದ ಹೋಗುವ ಪ್ರಶ್ನೆಯೇ ಇಲ್ಲ. "ಇದನ್ನ ಯಾಕೆ ಹಾಕಿದ್ಯೇ ಮಾರಾಯ್ತಿ, ದಂಡದ ಕೆಲಸ" ಎಂದೆ. ಅವಳು ನಾಲಿಗೆ ಕಚ್ಚಿಕೊಂಡಳು. ಅದು ಅವಿಭಾಜ್ಯ ಎಂದುಕೊಂಡಿದ್ದಳಂತೆ. ಆ ಒಂದು ತಪ್ಪು ಎಷ್ಟು ಬೆಲೆ ಬಾಳುವಂಥದ್ದು ಎಂದು ನನಗೆ ಆಗ ತೋಚಲಿಲ್ಲ. ಯಾವ ಮೊಬೈಲೂ 221ರಿಂದ ಭಾಗಿಸಿ ಸೋಲುವುದಿಲ್ಲ.

ಸರಿ, ನಿನ್ನದು ಸರಿ ಎಂದು ಅವಳಿಗೆ ಹೇಳಿದೆ. ಅವಳಿಗೊಬ್ಬಳಿಗೇ. ಮರುದಿನ ತರಗತಿಯಲ್ಲಿ ಬಹುಪದೋಕ್ತಿಗಳ ಪಾಠ ಶುರು ಮಾಡಿದೆ. ನೋಟ್ಸು ತೆಗೆಯಿರಿ, ಆ ಸಾಲು ಹೊಡೆದು ಹಾಕಿ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ಪೋರ್ಷನ್ ಮುಗಿಯಬೇಕು, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಸುಳ್ಳು. ಮಕ್ಕಳ ಮುಂದೆ ನನ್ನ ಮುಖ ಕೆಂಪಾಗುವುದು ನನಗೆ ಬೇಡವಾಗಿತ್ತು. ಆ ಹುಡುಗಿ ಮೂರ್ನಾಲ್ಕು ದಿನ ಪಾಠ ಶುರುವಾಗುವಾಗ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ನೋಡುವುದು ಬಿಟ್ಟಳು.

ಮನಸ್ಸಿನೊಳಗೆ ಚುಚ್ಚುತ್ತಿತ್ತೋ ಏನೋ, ಆಗಸ್ಟಿನಲ್ಲಿ ಶಿವಮೊಗ್ಗದಲ್ಲಿ ಪ್ರೌಢಶಾಲೆಗಳ ಗಣಿತ ಸ್ಪರ್ಧೆ ಇದೆ ಎಂದು ಸುತ್ತೋಲೆ ಬಂದಾಗ ಅವಳ ಹೆಸರನ್ನೇ ಕೊಟ್ಟೆ. ಶಾಲೆಗೊಬ್ಬರು ಒಂದು ದೊಡ್ಡ ಸಂಖ್ಯೆಯನ್ನು ಆರಿಸಿಕೊಂಡು ಅದರ ಗುಣಗಳ ಬಗ್ಗೆ ಐದು ನಿಮಿಷ ಮಾತಾಡಬೇಕು. ಸ್ವಂತ ಕೆಲಸ ಆಗಿರಬೇಕು ಎನ್ನುವುದೊಂದೇ ಷರತ್ತು. ಆಯ್ಕೆಯಾದ ನಾಲ್ವರಿಗೆ ದಸರಾ ರಜೆಯಲ್ಲಿ ಹತ್ತು ದಿನದ ಗಣಿತ ಶಿಬಿರ, ಅಲ್ಲಿ ಪಾಠ ಮಾಡುವವರು ನಿಜವಾಗಿ ಗಣಿತ ಮಾಡುವವರು. ಇಂಥದ್ದೊಂದು ಜಾಗ ಇದೆ ಎಂದು ಗೊತ್ತಾದ ಮೇಲೆ ಹುಡುಗಿಯ ನಡಿಗೆಯೇ ಬೇರೆಯಾಯಿತು. ಅಲ್ಲಿ 4649ರ ಬಗ್ಗೆ ಕೇಳಬಹುದಾ ಟೀಚರ್ ಎಂದು ಎರಡು ಸಲ ಕೇಳಿದಳು. 239ನ್ನೂ 4649ನ್ನೂ ಏಳರಿಂದ ಭಾಗಿಸಿದರೆ ಎರಡರಲ್ಲೂ ಒಂದೇ ಉಳಿಯುತ್ತದೆ, ಸಂಖ್ಯೆಯಲ್ಲಿ ಏಳು ಒಂದುಗಳಿರುವುದಕ್ಕೂ ಇದಕ್ಕೂ ಏನೋ ಸಂಬಂಧ ಇರಬೇಕು ಎನ್ನುವುದು ಅವಳ ಗುಮಾನಿ. ಸಂಬಂಧ ಇದೆ, ಆದರೆ ಅದನ್ನು ಅವಳಿಗೆ ತಿಳಿಸಿಕೊಡುವಷ್ಟು ನನಗೆ ಬರುವುದಿಲ್ಲ. ಅದಕ್ಕೇ ಅವಳು ಶಿಬಿರಕ್ಕೆ ಹೋಗಬೇಕಿತ್ತು.

ಮಾತಿಗೆ ಚಾರ್ಟು ಮಾಡಿಸಿದೆ. ಇಲ್ಲೇ ನನ್ನ ಎರಡನೆಯ ಘನಕಾರ್ಯ. ನನ್ನ ತರಗತಿಯಲ್ಲಿ ಕಚ್ಚಾ ಲೆಕ್ಕ ಎಂದರೆ ಬಲಗಡೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಮಾಡಿ, ಕೊನೆಗೆ ಅಡ್ಡಗೆರೆ ಹೊಡೆದು ಮುಚ್ಚಬೇಕಾದ ಅವಮಾನ. ಎಲ್ಲ ಗಣಿತದ ಮೇಷ್ಟ್ರುಗಳೂ ಟೀಚರುಗಳೂ ಹಾಗೇ ಬೆಳೆದವರು, ಹಾಗೇ ಬೆಳೆಸುವವರು. ಹುಡುಗಿ ನಲವತ್ತಾರು ಭಾಗಾಕಾರವನ್ನೂ ಸಣ್ಣ ಅಕ್ಷರದಲ್ಲಿ ಚಾರ್ಟಿನ ಸುತ್ತ ಬರೆಯುತ್ತೇನೆ ಎಂದಳು. ಗಲೀಜಾಗುತ್ತದೆ ಎಂದೆ. ಸೋತದ್ದೆಲ್ಲ ಯಾರಿಗೆ ಬೇಕು, ಗೆದ್ದದ್ದು ಒಂದನ್ನು ನೀಟಾಗಿ ಬರಿ ಎಂದೆ. ಅವಳು ಅವತ್ತು ಬಿಟ್ಟುಹೋದ ಕ್ಯಾಲೆಂಡರ್ ಹಾಳೆಗಳನ್ನು ನನ್ನ ಬೀರುವಿನಲ್ಲಿ ಇಟ್ಟಿದ್ದೆ. ಜುಲೈ ಕೊನೆಯಲ್ಲಿ ಸ್ಟಾಫ್ ರೂಮಿಗೆ ಸುಣ್ಣ ಹೊಡೆಯುವ ಮುಂಚೆ ಹಳೆಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಜೊತೆ ಅವೂ ರದ್ದಿಗೆ ಹೋಗಿದ್ದವು, ನಾನೇ ಕಟ್ಟು ಕಟ್ಟಿ ಕೊಟ್ಟಿದ್ದೆ. ಅವಳಿಗೆ ಅದನ್ನೂ ಹೇಳಿರಲಿಲ್ಲ.

ಸ್ಪರ್ಧೆ ಒಂದು ಶನಿವಾರ, ಶಿವಮೊಗ್ಗದ ಒಂದು ಖಾಸಗಿ ಶಾಲೆಯ ಸಭಾಂಗಣದಲ್ಲಿ. ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳ ಮಕ್ಕಳು, ಜೊತೆಗೆ ಅವರ ಗಣಿತ ಶಿಕ್ಷಕರು. ತೀರ್ಪುಗಾರರು ಮೂವರು, ಅವರಲ್ಲಿ ಮುಖ್ಯರು ನಿವೃತ್ತ ಕಾಲೇಜು ಅಧ್ಯಾಪಕರು. ನನ್ನ ಹುಡುಗಿಗಿಂತ ಮುಂಚಿನ ಮಕ್ಕಳಲ್ಲಿ ಎಷ್ಟೋ ಜನ ಪ್ರಿಂಟು ತೆಗೆದ ಹಾಳೆ ನೋಡಿಕೊಂಡು ಓದಿದರು, ಅರ್ಥವಾಗದ ಶಬ್ದ ಬಂದಲ್ಲಿ ಎಡವಿದರು. ಅಧ್ಯಾಪಕರ ಮುಖ ಹನ್ನೊಂದು ಗಂಟೆಗೇ ಬಾಡಿಹೋಗಿತ್ತು.

ಅವಳು ಚೆನ್ನಾಗಿ ಮಾತಾಡಿದಳು. ಈ ಸಂಖ್ಯೆಯನ್ನು ಹಿಂದಿನಿಂದ ಓದಿದರೂ ಅದೇ, ಇದರ ವರ್ಗ 1234567654321, ಏಳರವರೆಗೆ ಮೆಟ್ಟಿಲು ಹತ್ತಿ ಇಳಿಯುತ್ತದೆ. ಇದರ ಹಿಂದಿನ ಸಂಖ್ಯೆ ಏಳು ಅವಿಭಾಜ್ಯಗಳ ಗುಣಲಬ್ಧ, ಅದಕ್ಕೇ ಇದನ್ನು ನೋಡಿದವರು ಇದೂ ಅವಿಭಾಜ್ಯ ಎಂದು ಮೋಸ ಹೋಗುತ್ತಾರೆ ಎಂದಳು. ಹಾಗೆನ್ನುವಾಗ ನನ್ನ ಕಡೆ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ. ಆಮೇಲೆ 239, 4649. ಇವೆರಡನ್ನೂ ಮತ್ತೆ ಒಡೆಯಲು ಆಗುವುದಿಲ್ಲ ಎನ್ನುವುದಕ್ಕೆ ಬೇರೆ ಕೆಲಸವೇ ಬೇಕಿಲ್ಲ, 239ಕ್ಕಿಂತ ಚಿಕ್ಕ ಯಾವ ಅವಿಭಾಜ್ಯದಿಂದಲೂ ಹೋಗುವುದಿಲ್ಲ ಎಂದು ಮೊದಲೇ ನೋಡಿ ಆಗಿದೆ ಎಂದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅಧ್ಯಾಪಕರು ಕಾಗದದ ಮೇಲೆ ಗುಣಿಸಿ ನೋಡಿ, ಸರಿ ಇದೆ ಎಂದು ತಲೆಯಾಡಿಸಿದರು. 239 ಹೇಗೆ ಸಿಕ್ಕಿತಮ್ಮ ಎಂದು ಕೇಳಿದರು. ಒಂದೊಂದೇ ಭಾಗಿಸಿ ನೋಡ್ದೆ ಸರ್ ಎಂದಳು. ಎಷ್ಟು? ನಲವತ್ತಾರು. ಸಭಾಂಗಣದಲ್ಲಿ ಯಾರೋ ನಕ್ಕರು. ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಹೇಳಿದಳು. ಇನ್ನೂ ಇಬ್ಬರು ನಕ್ಕರು. ಆ ನಗು ನೆನೆದರೆ ಈಗಲೂ ನನಗೆ ಅವರ ಕುರ್ಚಿ ಎಳೆದು ಬೀಳಿಸಬೇಕು ಅನಿಸುತ್ತದೆ. ಲೇತ್ ಕೆಲಸದವನ ಮಗಳು ಭಾಗಾಕಾರ ಮಾಡಬಾರದೇ? ನಕ್ಕವರಲ್ಲಿ ಎಷ್ಟು ಜನಕ್ಕೆ ಒಂದು ಗೇರಿನ ಹಲ್ಲು ಲೆಕ್ಕ ಹಾಕಲು ಬರುತ್ತದೆ?

"ಈ ಕಾಲದಲ್ಲಿ ನಲವತ್ತಾರು ಭಾಗಾಕಾರ ಯಾರಮ್ಮ ಮಾಡ್ತಾರೆ? ಮೊಬೈಲಲ್ಲಿ ಒಂದು ಸೆಕೆಂಡಿನ ಕೆಲಸ" ಎಂದರು ಅಧ್ಯಾಪಕರು. ಗದರಿಸಿ ಅಲ್ಲ, ಬೇಸರದಿಂದ. ಮಾಡಿದ ಹಾಳೆಗಳಿದ್ದರೆ ತೋರಿಸು ಎಂದರು. ಟೀಚರ್ ಹತ್ತಿರ ಇವೆ ಎಂದಳು ಹುಡುಗಿ, ನಂಬಿಕೆಯಿಂದ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದೆ. ಎದ್ದವಳು ಕೂಗಾಡಿದೆ. ಮಕ್ಕಳನ್ನು ವೇದಿಕೆಯ ಮೇಲೆ ಕಳ್ಳರಂತೆ ವಿಚಾರಣೆ ಮಾಡುವುದು ಯಾವ ನ್ಯಾಯ ಎಂದೆ. ಖಾಸಗಿ ಶಾಲೆಯ ಮಕ್ಕಳು ಪ್ರಿಂಟು ಓದಿದಾಗ ಯಾರೂ ಕೇಳಲಿಲ್ಲ, ಸರ್ಕಾರಿ ಶಾಲೆಯವಳು ಬಾಯಿಪಾಠವಾಗಿ ಹೇಳಿದರೆ ಅನುಮಾನವೇ ಎಂದೆ. ಅಪ್ಪನ ಕೆಲಸಕ್ಕೂ ಅವಿಭಾಜ್ಯ ಸಂಖ್ಯೆಗೂ ಏನು ಸಂಬಂಧ ಎಂದೆ. ಸಂಬಂಧ ಇತ್ತು, ಅವಳನ್ನು ಬಿಟ್ಟರೆ ಅದು ನನಗಷ್ಟೇ ಗೊತ್ತಿತ್ತು, ಅದನ್ನೂ ಹೇಳಲಿಲ್ಲ. ಒಂದೊಂದು ಮಾತೂ ನ್ಯಾಯವಾದದ್ದೇ. ಒಂದಾದರೂ ಅವಳ ಉಪಯೋಗಕ್ಕೆ ಬರುವಂಥದ್ದಲ್ಲ.

ಅಧ್ಯಾಪಕರು ನನ್ನ ಕೂಗಾಟ ಮುಗಿಯುವವರೆಗೆ ಕಾದರು. ಆಮೇಲೆ ಮೆತ್ತಗೆ ಕೇಳಿದರು: "ಮೇಡಂ, ಇದು ಇವಳ ಸ್ವಂತ ಕೆಲಸ ಅಂತ ನಿಮಗೆ ಹೇಗೆ ಗೊತ್ತು? ಅಷ್ಟು ಹೇಳಿ, ಸಾಕು."

ಬಾಗಿಲು ಪೂರ್ತಿ ತೆರೆದು ಕೊಟ್ಟಿದ್ದರು. ಹೇಳಬೇಕಾದದ್ದು ಒಂದೇ ಮಾತು. ಇದು ಅವಿಭಾಜ್ಯ ಎಂದು ನಾನು ಬೋರ್ಡಿನ ಮೇಲೆ ಬರೆದಿದ್ದೆ, ನನ್ನ ತಪ್ಪನ್ನು ಇವಳು ಹಿಡಿದಳು, ಹಾಳೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ಅವನ್ನು ಕಳೆದವಳೂ ನಾನೇ. ಆದರೆ ಸಭಾಂಗಣದ ತುಂಬ ಕೂತಿದ್ದವರು ಜಿಲ್ಲೆಯ ಗಣಿತ ಶಿಕ್ಷಕರು. ಅರ್ಧ ಜನ ನನ್ನ ಪರಿಚಯದವರು, ನನ್ನನ್ನು ಕಾರ್ಯಾಗಾರಗಳಿಗೆ ಪಾಠ ಹೇಳಲು ಕರೆಯುವವರು. ಅವರೆದುರು ಆ ಸಾಧನೆಯನ್ನೇ ತಪ್ಪಾಗಿ ಹೇಳಿಕೊಡುತ್ತಿದ್ದೆ ಎನ್ನಲು ನಾಲಿಗೆ ಹೊರಳಲಿಲ್ಲ.

"ನನ್ನ ವಿದ್ಯಾರ್ಥಿನಿ, ನನಗೆ ಗೊತ್ತು" ಎಂದೆ.

ಅವರು ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡರು. ಮಧ್ಯಾಹ್ನ ನಾಲ್ವರ ಹೆಸರು ಓದಿದಾಗ ಅವಳದು ಇರಲಿಲ್ಲ.

ಭದ್ರಾವತಿಗೆ ಬಿಟ್ಟು ಬರಲು ನಾನೇ ಅವಳ ಜೊತೆ ಬಸ್ಸು ಹತ್ತಿದೆ. ಚಾರ್ಟನ್ನು ಸುತ್ತಿ ಮೊಣಕಾಲ ನಡುವೆ ಹಿಡಿದು ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಬಾಯಿ ನಿಂತಿರಲಿಲ್ಲ. ಆ ಅಧ್ಯಾಪಕರಿಗೆ ಬೈದೆ, ನಕ್ಕವರಿಗೆ ಬೈದೆ, ಗೆದ್ದ ಶಾಲೆಗಳಿಗೆ ಬೈದೆ. ಅವಳು ಒಂದೆರಡು ಸಲ ಪರವಾಗಿಲ್ಲ ಬಿಡಿ ಟೀಚರ್ ಎಂದಳು. ಊರು ಹತ್ತಿರ ಬಂದಾಗ, ನನ್ನನ್ನು ನೋಡದೆ, ಮುಂದಿನ ಸೀಟಿನ ಕಂಬಿಗೆ ಹೇಳುವ ಹಾಗೆ ಹೇಳಿದಳು.

"ನೀವು ಮೊದಲು ಅವಿಭಾಜ್ಯ ಅಂದಿದ್ರಿ ಅಂತ ಹೇಳಿದ್ರೆ ಸಾಕಿತ್ತು ಟೀಚರ್."

ನನಗೆ ಅವಳ ಮೇಲೇ ಸಿಟ್ಟು ಬಂತು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟೇ. ಹಾಗಾದರೆ ನೀನೇ ಯಾಕೆ ಹೇಳಲಿಲ್ಲ ಎಂದು ಜೋರು ಮಾಡಿದೆ.

"ಅಷ್ಟು ಜನರ ಮುಂದೆ ನಿಮ್ಮ ಬಗ್ಗೆ ಹೇಗೆ ಹೇಳ್ಲಿ?" ಎಂದಳು.

ಹದಿನೈದು ವರ್ಷದ ಹುಡುಗಿ ನನ್ನ ಮಾನ ಉಳಿಸಲು ತನ್ನ ಶಿಬಿರ ಬಿಟ್ಟಿದ್ದಳು. ಮತ್ತು ನಾನು ಅದನ್ನು ಬಿಡಲು ಬಿಟ್ಟಿದ್ದೆ. ಬಸ್ಸು ನಿಲ್ದಾಣದಲ್ಲಿ ಅವಳ ತಂದೆ ಕಾಯುತ್ತಿದ್ದರು. ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಏನಾಯಿತು ಮೇಡಂ ಎಂದು ಕೇಳಿದಾಗ, ಈ ಸಲ ಆಗಲಿಲ್ಲ ಎಂದಷ್ಟೇ ಹೇಳಿದೆ. ಪರವಾಗಿಲ್ಲ, ಅಷ್ಟು ದೊಡ್ಡ ಜಾಗಕ್ಕೆ ಕರ್ಕೊಂಡು ಹೋದ್ರಲ್ಲ ಎಂದು ನನಗೇ ಕೈ ಮುಗಿದರು. ಆ ಮುಗಿದ ಕೈ ನೋಡಿ ವಾಪಸ್ಸು ಬಸ್ಸಿನಲ್ಲಿ ಕೂತು ಅತ್ತೆ.

ಮರುದಿನ ಭಾನುವಾರ ಬೆಳಿಗ್ಗೆ ಅಧ್ಯಾಪಕರ ಮನೆ ವಿಚಾರಿಸಿಕೊಂಡು ಹೋದೆ. ರಾಗಿಗುಡ್ಡದ ಆಚೆ ಮನೆ. ಒಳಗೆ ಕರೆದು ಕೂರಿಸಿದರು. ಈ ಸಲ ಕೂಗಲಿಲ್ಲ, ಎಲ್ಲವನ್ನೂ ಹೇಳಿದೆ. ಬೋರ್ಡಿನ ಸಾಲು, ಗೇರು, 221, ರದ್ದಿ. 221ರ ಮಾತು ಬಂದಾಗ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

"ಇದನ್ನ ನಿನ್ನೆ ಹೇಳಿದ್ರೆ ಅವಳ ಹೆಸರೇ ಮೊದಲು ಬರೀತಿದ್ದೆ. ಪಟ್ಟಿ ನಿನ್ನೆ ಸಂಜೆಯೇ ಹೋಯ್ತು, ಆ ನಾಲ್ಕು ಮಕ್ಕಳಿಗೂ ಹೇಳಿ ಆಗಿದೆ. ಈಗ ಯಾರ ಹೆಸರು ತೆಗೀಲಿ, ಹೇಳಿ" ಎಂದರು.

ಅವರು ಶಿಬಿರದವರಿಗೆ ಇನ್ನೊಂದು ಜಾಗ ಕೇಳಿ ಪತ್ರ ಬರೆದರು, ನಾನೂ ಬರೆದೆ. ಜಾಗವಿಲ್ಲ ಎಂದು ಉತ್ತರ ಬಂತು.

ಸೋಮವಾರ ತರಗತಿಗೆ ಹೋದವಳೇ ಆ ಏಳು ಒಂದುಗಳನ್ನು ಬೋರ್ಡಿನ ಮೇಲೆ ಬರೆದೆ. ನಾನು ಹೇಳಿದ್ದು ತಪ್ಪು, ಇವಳು ಕಂಡುಹಿಡಿದದ್ದು ಸರಿ, ನೋಟ್ಸಿನಲ್ಲಿ ಆ ಸಾಲು ಹೊಡೆದು ಹಾಕಿ ಎಂದೆ. ಎರಡು ತಿಂಗಳು ಹೆದರಿದ್ದ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ಮಕ್ಕಳಲ್ಲಿ ಯಾರೂ ನನ್ನನ್ನು ಕೇವಲವಾಗಿ ನೋಡಲಿಲ್ಲ. ಆದರೆ ಮುಂದಿನ ಬೆಂಚಿನ ಒಬ್ಬ ಎದ್ದು, ಹಾಗಾದರೆ ಅವಳು ಮೊಬೈಲ್ ನೋಡಿ ಸಿಕ್ಕಿಹಾಕಿಕೊಂಡಿದ್ದು ಸುಳ್ಳಾ ಟೀಚರ್ ಎಂದು ಕೇಳಿದ. ಸುದ್ದಿ ನನಗಿಂತ ಮುಂಚೆ ಶಾಲೆಗೆ ಬಂದಿತ್ತು. ಸುಳ್ಳು ಎಂದೆ. ಮತ್ತೆ ಜೋರಾಗಿ ಸುಳ್ಳು ಎಂದೆ. ನಾನು ಜೋರು ಮಾಡಿದಷ್ಟೂ ಟೀಚರ್ ಅವಳನ್ನು ವಹಿಸಿಕೊಳ್ಳುತ್ತಿದ್ದಾರೆ ಎನ್ನುವ ಹಾಗೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ತಲೆ ಎತ್ತಲಿಲ್ಲ.

ದಸರಾ ರಜೆ ಬಂತು, ಹೋಯಿತು. ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ನೂರಕ್ಕೆ ನೂರು ತೆಗೆಯಬೇಕಾದ ಹುಡುಗಿಯ ಉತ್ತರಪತ್ರಿಕೆಯಲ್ಲಿ ಕೊನೆಯ ಎರಡು ದೊಡ್ಡ ಪ್ರಶ್ನೆಗಳು ಖಾಲಿ. ನನಗೆ ತಲೆ ಕೆಟ್ಟುಹೋಯಿತು, ಕೆಂಪು ಪೆನ್ನು ಹಿಡಿದೇ ಅವಳನ್ನು ಕರೆಸಿದೆ. ಬರುತ್ತಿರಲಿಲ್ಲವೇನೇ ಎಂದು ಕೇಳಿದೆ. ಬರುತ್ತಿತ್ತು, ಸಮಯ ಸಾಲಲಿಲ್ಲ ಎಂದಳು. ಮೂರು ಗಂಟೆ ಹೇಗೆ ಸಾಲುವುದಿಲ್ಲ ಎಂದು ಅವಳ ಮುಂದೆಯೇ ಪತ್ರಿಕೆಯನ್ನು ಮೊದಲಿನಿಂದ ತಿರುವಿದೆ.

ಒಂದು ಅಂಕದ ಪ್ರಶ್ನೆಗೂ ಪೂರ್ತಿ ಒಂದು ಪುಟ ಬರೆದಿದ್ದಳು. ಬಲಗಡೆಯ ಅಂಚಿನಲ್ಲಿ ಕಚ್ಚಾ ಲೆಕ್ಕ, ಯಾವುದಕ್ಕೂ ಅಡ್ಡಗೆರೆ ಇಲ್ಲ. ತಪ್ಪಿದ್ದನ್ನು ತಪ್ಪಿದ್ದು ಎಂದು ಬರೆದು ಹಾಗೇ ಉಳಿಸಿದ್ದಳು. ಏಳೆಂಟಲ ಐವತ್ತಾರು ಎನ್ನುವುದನ್ನು ಕೂಡ ಎಂಟನ್ನು ಏಳು ಸಲ ಬರೆದು, ಕೂಡಿಸಿ ತೋರಿಸಿದ್ದಳು.

"ಉತ್ತರ ಮಾತ್ರ ಬರೆದ್ರೆ ನಂಬಲ್ಲ ಟೀಚರ್" ಎಂದಳು.